ಅರ್ಧ ಚೆಲ್ಲಿದ ಕುಸುಬಿ ಎಣ್ಣೆ

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್‌ನಲ್ಲಿ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ನಿಂತರೆ ಸಾಕು, ಯಾರಾದರೊಬ್ಬ ಇಂಜಿನಿಯರಿಂಗ್ ಹುಡುಗ ಮಾತಿಗೆ ಸಿಗುತ್ತಾನೆ. ಉಣಕಲ್ ದಾಟುವುದರೊಳಗೆ ಪ್ರಶ್ನೆ ಬಂದೇ ಬರುತ್ತದೆ. “ಅಕ್ಕಾರ, ಓಪನ್ ಸೋರ್ಸ್‌ನ್ಯಾಗ ಎಲ್ಲಿಂದ ಚಾಲೂ ಮಾಡ್ಬೇಕ್ರಿ? ಯಾವ ಲ್ಯಾಂಗ್ವೇಜ್ ಕಲೀಬೇಕು?”

ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್. ನಾನು ತಿರುಗಿ ಕೇಳುವುದು ಒಂದೇ: ನೀನು ದಿನಾ ಬಳಸುವ ಯಾವ ಸಾಫ್ಟ್‌ವೇರ್ ನಿನ್ನ ತಲೆ ತಿಂದಿದೆ? ಅಲ್ಲಿಂದ ಶುರು ಮಾಡು.

ನನ್ನದು ಶುರುವಾದದ್ದು ಗದಗಿನಲ್ಲಿ, ಕಾಕಾನ ಕಿರಾಣಿ ಅಂಗಡಿಯಲ್ಲಿ. ಬಿಲ್ ಮಾಡಲು ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದೆ. ಪುಕ್ಕಟೆ, ಮೇಲಾಗಿ ಕನ್ನಡವೂ ಬರುತ್ತದೆ ಅಂತ ಬೀಗಿದ್ದೆ. ವಾರದೊಳಗೆ ಕಾಕಾ ಒಂದು ಬಿಲ್ ಹಿಡಿದು ಕೂತಿದ್ದರು. “ಏನವಾ, ನಿನ್ನ ಕಂಪ್ಯೂಟರ್ ಎಣ್ಣಿ ಅರ್ಧಾ ಚೆಲ್ಲೇತಲ್ಲ?” ನೋಡಿದರೆ ‘ಕುಸುಬಿ ಎಣ್ಣೆ’ ಇರಬೇಕಾದಲ್ಲಿ ‘ಕುಸುಬಿ ಎಣ್’ ಅಂತ ಇತ್ತು. ಸಕ್ಕರೆ, ಬೆಲ್ಲ ಪಾರಾಗಿದ್ದವು.

ಅವತ್ತೇ ಆ ಪ್ರಾಜೆಕ್ಟಿನ ಪುಟದಲ್ಲಿ ಒಂದು ಇಶ್ಯೂ, ಅಂದರೆ ದೂರು, ಹಾಕಿದೆ: “ಕನ್ನಡ ಸರಿಯಾಗಿ ಬರುತ್ತಿಲ್ಲ.” ಅಷ್ಟೇ. ಅದನ್ನು ನೋಡಿಕೊಳ್ಳುವ ಮೇಂಟೇನರ್‌ಗೆ ಕನ್ನಡದ ಗಂಧವೂ ಇಲ್ಲ. ಪಾಪ, ಅವರಾದರೂ ಏನು ಮಾಡಬೇಕು?

ಎರಡನೇ ಸಲ ಕೂತು ಎಣಿಸಿದೆ. ನಾವು ಓದುವಾಗ ಕು, ಸು, ಬಿ, ಎ, ಣ್ಣೆ, ಐದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಹಾಗಲ್ಲ. ಕೊಂಬು, ಗುಡಿಸು, ಹಲಂತ, ನಡುವಿನ ಖಾಲಿ ಜಾಗ, ಒಂದೊಂದೂ ಬೇರೆ ಲೆಕ್ಕ. ಒಟ್ಟು 12. ಸಾಫ್ಟ್‌ವೇರ್ ಹೆಸರನ್ನು 10ಕ್ಕೆ ಕತ್ತರಿಸುತ್ತಿತ್ತು. ಹತ್ತನೆಯದು ಣ ಪಕ್ಕದ ಹಲಂತ. ಅಲ್ಲಿಗೆ ಕತ್ತರಿ ಬಿದ್ದಿತ್ತು.

ಇದನ್ನೇ ಬರೆದೆ. ಯಾವ ಆವೃತ್ತಿ, ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಜೊತೆಗೆ ಬಿಲ್‌ನ ಫೋಟೋ. ಮರುದಿನವೇ ಉತ್ತರ ಬಂತು. ನನ್ನನ್ನು ಕೇಳಿದರೆ ನನ್ನ ಮೊದಲ ಕೊಡುಗೆ ಇದೇ. ಒಂದು ಸಾಲು ಕೋಡ್ ಬರೆದಿರಲಿಲ್ಲ. ಆದರೆ ಈ ದೋಷ ಕಣ್ಣಿಗೆ ಬೀಳಬೇಕಾದರೆ ಕುಸುಬಿ ಎಣ್ಣೆ ಮಾರುವವರೇ ಬೇಕಿತ್ತು, ಅಲ್ವಾ?

ಕೋಡ್ ಆಮೇಲೆ ಬಂತು, ಅವಮಾನದ ಜೊತೆಗೆ. ಮಾಡುವ ಕ್ರಮ ಕಷ್ಟದ್ದಲ್ಲ. ಪ್ರಾಜೆಕ್ಟನ್ನು ಫೋರ್ಕ್ ಮಾಡಿದರೆ ನಿಮ್ಮದೇ ಒಂದು ಪ್ರತಿ ಸಿಗುತ್ತದೆ. ಅದರಲ್ಲಿ ಬೇರೆ ಬ್ರಾಂಚ್ (ಕವಲು) ತೆಗೆದು ತಿದ್ದಿ, ಪುಲ್ ರಿಕ್ವೆಸ್ಟ್ ಕಳಿಸುವುದು. “ನಾನು ಇಷ್ಟು ತಿದ್ದಿದ್ದೇನೆ, ನೋಡಿ ಸೇರಿಸಿಕೊಳ್ಳಿ” ಅಂತ ಕೇಳಿಕೊಂಡ ಹಾಗೆ. ಅಕ್ಷರ ಎಣಿಸುವುದನ್ನು ಬಿಟ್ಟು, ಹೆಸರು ಕಾಗದದ ಮೇಲೆ ಎಷ್ಟು ಅಗಲ ಆಗುತ್ತದೆ ಅಂತ ಅಳೆಯುವಂತೆ ಮಾಡಿದೆ. ಮೂರು ಸಾಲಿನ ತಿದ್ದುಪಡಿ. ಕಳಿಸಿ ನೋಡಿದರೆ ನಾನೂರು ಸಾಲು ಕೆಂಪು, ಹಸಿರು, ಅಂದರೆ ಅಳಿಸಿದ್ದು, ಸೇರಿಸಿದ್ದು! ಸೇವ್ ಮಾಡಿದಾಗ ನನ್ನ ಎಡಿಟರ್ ಇಡೀ ಫೈಲಿನ ಖಾಲಿ ಜಾಗಗಳನ್ನೆಲ್ಲ ತನಗೆ ತಿಳಿದಂತೆ ಹೊಂದಿಸಿಬಿಟ್ಟಿತ್ತು. ಮೇಂಟೇನರ್ ಬೈಯಲಿಲ್ಲ. “ಇದರಲ್ಲಿ ನಿಮ್ಮ ಬದಲಾವಣೆ ಯಾವುದು?” ಅಂತ ಮಾತ್ರ ಕೇಳಿದರು. ಬೈದಿದ್ದರೇ ವಾಸಿ ಇತ್ತು. ಈಗ ಕಳಿಸುವ ಮುಂಚೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ‘ಗಿಟ್ ಡಿಫ್’ ಕಮಾಂಡ್ ಕೊಟ್ಟು, ಬದಲಾದ ಒಂದೊಂದು ಸಾಲೂ ಓದುತ್ತೇನೆ. ಕೊಡುಗೆ ಹೇಗೆ ಕೊಡಬೇಕು ಅಂತ ಹೇಳುವ, ಆ ಪ್ರಾಜೆಕ್ಟಿನ ‘ಕಾಂಟ್ರಿಬ್ಯೂಟಿಂಗ್’ ಫೈಲನ್ನೂ ಮೊದಲೇ ಓದುತ್ತೇನೆ. ಈ ಕಿತಾಪತಿ ಮಾಡಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

ಗಿಟ್‌ಗೆ ಹೆದರುವವರೇ ಜಾಸ್ತಿ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು 2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಕೆಲಸಕ್ಕಾಗಿ ಬರೆದದ್ದು. ಏಳೆಂಟು ಕಮಾಂಡ್ ಬಂದರೆ ಶುರು ಮಾಡಲು ಸಾಕು.

ಅನುವಾದದಿಂದ ಶುರು ಮಾಡಬಹುದಾ ಅಂತಲೂ ಕೇಳುತ್ತಾರೆ. ಧಾರಾಳವಾಗಿ. ಫೈರ್‌ಫಾಕ್ಸ್‌ಗೆ ಪಾಂಟೂನ್ ಅನ್ನುವ ಅನುವಾದದ ತಾಣ ಇದೆ, ವಿಕಿಪೀಡಿಯ ನಡೆಯುವ ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ ಇದೆ. ಆದರೆ ಬಳಸದ ಸಾಫ್ಟ್‌ವೇರನ್ನು ಅನುವಾದ ಮಾಡಬೇಡಿ. ‘ಓಪನ್’ ಅನ್ನುವುದು ಗುಂಡಿಯ ಮೇಲಿದ್ದರೆ ‘ತೆರೆ’, ಸ್ಥಿತಿ ಹೇಳುತ್ತಿದ್ದರೆ ‘ತೆರೆದಿದೆ’. ಪರದೆ ನೋಡದೆ ಇದು ಗೊತ್ತಾಗುವುದಿಲ್ಲ.

ಸುಮ್ನೆ ರೆಸ್ಯೂಮೆಗೆ ಅಂತ ಬರುವವರಿಗೆ ಒಂದು ಮಾತು. ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ, ಅಕ್ಟೋಬರ್ ತಿಂಗಳ ಓಪನ್ ಸೋರ್ಸ್ ಅಭಿಯಾನದಲ್ಲಿ ನಾಲ್ಕು ಪುಲ್ ರಿಕ್ವೆಸ್ಟಿಗೆ ಒಂದು ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಅದರ ಆಸೆಗೆ ಜನ ಅಲ್ಲೊಂದು ಇಲ್ಲೊಂದು ಪದ ಸೇರಿಸಿ ಕಳಿಸಿ, ಮೇಂಟೇನರ್‌ಗಳಿಗೆ ಸಾಕುಸಾಕು ಮಾಡಿದರು. ಕೊನೆಗೆ ಭಾಗವಹಿಸಲು ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ನಡುವೆಯೇ ನಿಯಮ ಬದಲಿಸಬೇಕಾಯಿತು. ಮೇಂಟೇನರ್‌ಗಳಲ್ಲಿ ಬಹಳಷ್ಟು ಜನ ಸಂಬಳವಿಲ್ಲದೆ, ರಾತ್ರಿ ಊಟ ಮುಗಿಸಿ ಈ ಕೆಲಸಕ್ಕೆ ಕೂರುವವರು. ಉತ್ತರ ತಡವಾದರೆ ದಿನಾ ನೆನಪಿಸಬೇಡಿ. ನನ್ನ ಮೂರು ಸಾಲು ಸೇರಲು ಹನ್ನೊಂದು ದಿನ ಹಿಡಿಯಿತು.

ಈಗ ಬಿಲ್‌ನಲ್ಲಿ ಕುಸುಬಿ ಎಣ್ಣೆ ಪೂರ್ತಿ ಬರುತ್ತದೆ. ಆದರೆ ಹೆಸರು ಉದ್ದವಾದರೆ ಎರಡನೇ ಸಾಲಿಗೆ ಇಳಿದು ದರದ ಮೇಲೆ ಕೂರುತ್ತದಂತೆ. ಕಾಕಾ ಮೊನ್ನೆ ಫೋನ್ ಮಾಡಿದ್ದರು. ನಾನಿನ್ನೂ ಇಶ್ಯೂ ಹಾಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ, ಬಿಲ್‌ನ ಫೋಟೋ ಕಳಿಸುತ್ತೇನೆ.