ಹಲ್ಲಿಗೆ ಕ್ಲಿಪ್ ಹಾಕುವ ಮೊದಲು ನಾನು ಕೇಳುವುದು: ಪಿಯುಸಿ ಎಲ್ಲಿ?

ನಾನು ಹುಬ್ಬಳ್ಳಿಯಲ್ಲಿ ಆರ್ಥೊಡಾಂಟಿಸ್ಟ್. ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರ್ ಅಂದರೆ ಬೇಗ ಗೊತ್ತಾಗುತ್ತದೆ. ಬೇಸಿಗೆ ರಜೆ ಬಂತೆಂದರೆ ಗದಗ, ಹಾವೇರಿ, ಕುಂದಗೋಳದ ಕಡೆಯಿಂದಲೂ ಜನ ಮಕ್ಕಳನ್ನು ಕರೆತರುತ್ತಾರೆ. ಕೂತ ಕೂಡಲೇ ಕೇಳುವುದು ಎರಡೇ. ಯಾವ ಕ್ಲಿಪ್ ಚಲೋ? ಎಷ್ಟು ಖರ್ಚು? ನಾನು ಮೊದಲು ಕೇಳುವುದು ಬೇರೆ: ಎಷ್ಟನೇ ಕ್ಲಾಸು, ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿಗೆ ಎಲ್ಲಿ ಹಾಕುತ್ತೀರಿ?

ಹಲ್ಲಿಗೂ ಪಿಯುಸಿಗೂ ಏನು ಸಂಬಂಧ ಅಂತ ಕೆಲವರು ನನ್ನ ಮುಖ ನೋಡುತ್ತಾರೆ. ಸಂಬಂಧ ಇದೆ. ಕ್ಲಿಪ್ ಚಿಕಿತ್ಸೆ ಸಾಮಾನ್ಯವಾಗಿ 18ರಿಂದ 24 ತಿಂಗಳು ನಡೆಯುತ್ತದೆ. 4ರಿಂದ 8 ವಾರಕ್ಕೊಮ್ಮೆ ಬರಲೇಬೇಕು. ಒಂಬತ್ತನೇ ಕ್ಲಾಸಿನ ಕೊನೆಗೆ ಶುರು ಮಾಡಿದರೆ, ಹಲ್ಲು ಅರ್ಧ ದಾರಿಯಲ್ಲಿರುವಾಗ ಹುಡುಗ ಮೂಡುಬಿದಿರೆಗೋ ಬೆಂಗಳೂರಿಗೋ ಹೊರಟಿರುತ್ತಾನೆ. ಹಾಸ್ಟೆಲಿನಿಂದ ತಿಂಗಳಿಗೊಮ್ಮೆ ಬಿಡುತ್ತಾರಾ? ನೋಡುವವರಿಲ್ಲದ ತಂತಿ ತನ್ನ ಪಾಡಿಗೆ ಎಳೆಯುತ್ತಲೇ ಇರುತ್ತದೆ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚೂರಿಗೆ ಬ್ರಾಕೆಟ್ ಅನ್ನುತ್ತೇವೆ. ಅಂಥ ಒಂದು ಬ್ರಾಕೆಟ್ ಕಳಚಿದರೆ ಹಲ್ಲು ಬೇಡದ ಕಡೆ ತಿರುಗುತ್ತದೆ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಬೀಳುತ್ತದೆ. ಅದು ಬರಲು ಕೆಲವೇ ವಾರ ಸಾಕು.

ಹಾಗಾದರೆ ಕಾಯಬಹುದಾ? ಇಲ್ಲೇ ಬಹಳ ಮನೆಗಳಲ್ಲಿ ಲೆಕ್ಕ ಉಲ್ಟಾ ಆಗುವುದು. ಹನ್ನೆರಡು ವರ್ಷದ ಹುಡುಗಿಯ ಕೆಳದವಡೆ ಹಿಂದಿದ್ದು, ಮೇಲಿನ ಹಲ್ಲು ಉಬ್ಬಿದಂತೆ ಕಾಣುತ್ತಿರುತ್ತದೆ. ಅವಳ ತಾಯಿ ಹೇಳುತ್ತಾರೆ, 'ಈಗ್ಯಾಕ್ರೀ ಡಾಕ್ಟ್ರ, ಇನ್ನೂ ಬೆಳಿಯೂ ಹುಡುಗಿ. ಮದುವಿ ಹೊತ್ತಿಗೆ ಹಾಕಿಸಿದ್ರಾತು.' ಬೆಳೆಯುವ ಹುಡುಗಿ ಅನ್ನುವ ಕಾರಣಕ್ಕೇ ಈಗ ಮಾಡಬೇಕು! ಟ್ವಿನ್ ಬ್ಲಾಕ್ ಅಂತ ಒಂದು ಸಾಧನ ಇದೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1970ರ ದಶಕದಲ್ಲಿ ರೂಪಿಸಿದ್ದು. ಮೇಲೊಂದು ಕೆಳಗೊಂದು ಪ್ಲೇಟು, ಬಾಯಿ ಮುಚ್ಚಿದಾಗ ಕೆಳದವಡೆ ಮುಂದೆ ಬಂದು ಕೂರುತ್ತದೆ. ದವಡೆಯನ್ನೇ ಎಷ್ಟು ಬೆಳೆಸುತ್ತದೆ ಅನ್ನುವುದಕ್ಕೆ ನಮ್ಮವರಲ್ಲೇ ವಾದ ಇದೆ, ಹಲ್ಲು ಸರಿಯುವುದರಿಂದ ಆಗುವ ಲಾಭವೇ ಜಾಸ್ತಿ. ಆದರೂ ಮಕ್ಕಳು ಸರಸರ ಎತ್ತರ ಬೆಳೆಯುವ ಹೊತ್ತಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹುಡುಗಿಯರಿಗೆ ಆ ಹೊತ್ತು ಬೇಗ ಬರುತ್ತದೆ, ಹುಡುಗರಿಗೆ ಒಂದೆರಡು ವರ್ಷ ತಡ. ಉಬ್ಬಿದ ಮುಂದಿನ ಹಲ್ಲು ಆಟದಲ್ಲಿ ಬಿದ್ದು ಮುರಿಯುವ ಭಯವೂ ಕಡಿಮೆಯಾಗುತ್ತದೆ. ಬೆಳವಣಿಗೆ ನಿಂತ ಮೇಲೆ ಬಂದರೆ ಹಲ್ಲು ಕೀಳಿಸಿ ಹೊಂದಿಸಬೇಕು, ಇಲ್ಲವೇ ದವಡೆಯ ಆಪರೇಶನ್ ಮಾಡಿಸಬೇಕು. ಮೇಲ್ದವಡೆ ಕಿರಿದಾಗಿದ್ದರೂ ಇದೇ ಮಾತು. ಮನೆಯಲ್ಲೇ ಕೀಲಿ ತಿರುಗಿಸಿ, ಪ್ರತಿ ಸಲ ಕಾಲು ಮಿಲಿಮೀಟರಿನಷ್ಟು ಅಗಲ ಮಾಡುವ ಸಾಧನ ಇದೆ. ಹದಿನೈದು ದಾಟುತ್ತಾ ಅಂಗುಳಿನ ನಡುವಿನ ಬೆಸುಗೆ ಬಿಗಿಯಾಗಿಬಿಡುತ್ತದೆ.

ಬರೀ ಹಲ್ಲು ಒತ್ತಾಗಿ, ಸೊಟ್ಟಗಿದ್ದರೆ ಅಂಥ ಅವಸರ ಇಲ್ಲ. ವಸಡು, ಎಲುಬು ಗಟ್ಟಿ ಇದ್ದರೆ ಇಪ್ಪತ್ತರಲ್ಲೂ ಹಲ್ಲು ಸರಿಯುತ್ತದೆ. ಪಿಯುಸಿ ಮುಗಿಸಿ ಬಾ ಅಂತ ನಾನು ಸುಮಾರು ಮಕ್ಕಳನ್ನು ವಾಪಸ್ ಕಳಿಸುತ್ತೇನೆ.

ಇಲ್ಲೇ ಓದುವವರಿಗೆ ನನ್ನ ಆಯ್ಕೆ ಸಾದಾ ಸ್ಟೀಲ್ ಕ್ಲಿಪ್. ಧಾರವಾಡದಿಂದ ಚಿಗರಿ ಬಸ್ ಹತ್ತಿ ಬಂದು ಹೋಗುತ್ತಾರೆ. ಸೆರಾಮಿಕ್ ಕಾಣುವುದು ಕಮ್ಮಿ, ನಿಜ. ಆದರೆ ರೇಟು ಜಾಸ್ತಿ, ಒಡೆಯುವುದೂ ಬೇಗ. ಅದರ ಮೇಲೆ ತಂತಿ ಹಿಡಿಯುವ ಬಿಳಿ ರಬ್ಬರು ನಮ್ಮ ಅರಿಶಿಣದ ಪಲ್ಯ, ಸಾರಿಗೆ ಹಳದಿ ಆಗುತ್ತದೆ. ರಬ್ಬರಿಲ್ಲದ, ಸಣ್ಣ ಬಾಗಿಲಿನ ಬ್ರಾಕೆಟ್ ಹಾಕಿದರೆ ಬೇಗ ಮುಗಿಯುತ್ತದೆ ಅಂತ ಮಾರುತ್ತಾರೆ. ಅಧ್ಯಯನಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಂಡಿಲ್ಲ. ಯಾವುದೇ ಇರಲಿ, ಖಡಕ್ ರೊಟ್ಟಿ ಅದಕ್ಕೆ ಶತ್ರು. ಬಿಸಿ ರೊಟ್ಟಿ ನಡೆಯುತ್ತದೆ, ಖಡಕ್ ಆದರೆ ಸಾರಿನಲ್ಲಿ ನೆನೆಸಿ ತಿನ್ನಬೇಕು. ನಾಗರ ಪಂಚಮಿ ಆದ ವಾರವಂತೂ ಶೇಂಗಾ ಉಂಡಿ ಕಡಿದು ಬ್ರಾಕೆಟ್ ಕಳಚಿಕೊಂಡವರ ಜಾತ್ರೆ ನಮ್ಮಲ್ಲಿ.

ಹಾಸ್ಟೆಲಿಗೆ ಹೋಗುವುದು ಖಂಡಿತ, ಆದರೂ ಈಗಲೇ ಆಗಬೇಕು ಅಂದರೆ ಅಲೈನರ್ ಇದೆ. ಹಲ್ಲಿನ ಮೇಲೆ ಕೂರುವ ಪಾರದರ್ಶಕ ಟ್ರೇ. ಒಂದಿಷ್ಟು ಸೆಟ್ ಒಟ್ಟಿಗೆ ಕೊಟ್ಟು ಕಳಿಸಬಹುದು. ವಾರಕ್ಕೋ ಎರಡು ವಾರಕ್ಕೋ ಒಂದು ಬದಲಾಯಿಸುತ್ತಾ, ದಸರಾ ರಜೆಗೆ ಬಂದು ತೋರಿಸಿದರೂ ಕೆಲವು ಸರಳ ಕೇಸುಗಳಲ್ಲಿ ನಡೆಯುತ್ತದೆ. ಆದರೆ ದಿನಕ್ಕೆ 20ರಿಂದ 22 ತಾಸು ಬಾಯಲ್ಲೇ ಇರಬೇಕು. ಹಾಗಾಗಿ ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ ಮಗುವನ್ನೇ ಕೇಳುತ್ತೇನೆ: ಕನ್ನಡಕ ಎಷ್ಟು ಸಲ ಕಳೆದುಕೊಂಡಿದ್ದೀಯಾ? ನಗು ಬಂತೆಂದರೆ ಅಲೈನರ್ ಬೇಡ ಅಂತ ಅರ್ಥ. ಅಷ್ಟು ದುಡ್ಡು ಸುಮ್ನೆ ಡಬ್ಬಿಯಲ್ಲಿ ಬಿದ್ದಿರುತ್ತದೆ.

ನಡುವೆಯೇ ಊರು ಬಿಡಬೇಕಾಗಿ ಬಂದರೆ ಅಲ್ಲಿನ ಡಾಕ್ಟರಿಗೆ ಕೇಸ್ ಒಪ್ಪಿಸಬಹುದು. ಎಕ್ಸ್-ರೇ, ಹಲ್ಲಿನ ಅಚ್ಚು, ಬ್ರಾಕೆಟ್ ಸ್ಲಾಟ್ (ತಂತಿ ಕೂರುವ ಸಂದು) 0.018 ಇಂಚಿನದೋ 0.022 ಇಂಚಿನದೋ, ಇಷ್ಟನ್ನು ಬರೆಸಿಕೊಂಡು ಹೋಗಿ. ಸ್ಲಾಟ್ ಗೊತ್ತಿಲ್ಲದಿದ್ದರೆ ಅವರಿಗೆ ತಂತಿ ಆರಿಸುವುದೇ ಕಷ್ಟ. ಕೊಟ್ಟ ದುಡ್ಡಿನಲ್ಲಿ ಎಷ್ಟು ವಾಪಸ್ ಅನ್ನುವುದನ್ನು ಶುರುವಿನಲ್ಲೇ ಕೇಳಿ, ಸಂಕೋಚ ಬೇಡ. ದುಡ್ಡಿನದೇ ತೊಂದರೆ ಇದ್ದವರಿಗೆ ನಾನು ಡೆಂಟಲ್ ಕಾಲೇಜಿನ ದಾರಿ ತೋರಿಸುತ್ತೇನೆ. ಧಾರವಾಡದ ಸತ್ತೂರಿನಲ್ಲೇ ಒಂದಿದೆ. ಅಲ್ಲಿ ಪಿಜಿ ಓದುವವರು ಪ್ರೊಫೆಸರ್‌ಗಳ ಕೈಕೆಳಗೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿದೀತು, ಕೆಲಸದ ಬಗ್ಗೆ ಭಯ ಬೇಡ.

ಕ್ಲಿಪ್ ತೆಗೆದ ಮೇಲೆ ರಿಟೇನರ್, ಅಂದರೆ ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ. ಹಾಸ್ಟೆಲ್ ಮಕ್ಕಳಿಗೆ ಕೆಳಗಿನ ಮುಂದಿನ ಹಲ್ಲಿನ ಹಿಂದೆ ತೆಳು ತಂತಿ ಅಂಟಿಸಿಬಿಡುತ್ತೇನೆ, ಅದನ್ನು ಕಳೆಯಲು ಬರುವುದಿಲ್ಲ. ಮೇಲಿನದು ಹಾಕಿ ತೆಗೆಯುವಂಥದ್ದು. ಊಟಕ್ಕೆ ತೆಗೆದು ಕಾಗದದಲ್ಲಿ ಸುತ್ತಿಟ್ಟಿದ್ದು ಮೆಸ್ಸಿನ ತಟ್ಟೆಯ ಜೊತೆಗೇ ಹೋಗುತ್ತದೆ. ಅದಕ್ಕೆ ಮೇಲಿನದನ್ನು ಎರಡು ಮಾಡಿಸಿ ಒಂದನ್ನು ಅಮ್ಮನ ಕೈಗೇ ಕೊಡುತ್ತೇನೆ. ಫೋನ್ ಬಂದ ದಿನವೇ ಕೊರಿಯರ್ ಮಾಡಿ ಅಂತ ಹೇಳಿರುತ್ತೇನೆ. ವಾರಗಟ್ಟಲೆ ಬಿಟ್ಟರೆ ಹಲ್ಲು ಸರಿದು, ಹಳೆಯ ರಿಟೇನರ್ ಕೂರುವುದೇ ಇಲ್ಲ.