ಮೆನಿಂಜೈಟಿಸ್ ಎರಡನೇ ಸಲ ಬಂದರೆ ಈ ಒಂದು ಪರೀಕ್ಷೆ ಕೇಳಿ

ನನ್ನ ತಮ್ಮನಿಗೆ 15ನೇ ವಯಸ್ಸಿನಲ್ಲಿ ಮೆನಿಂಜೈಟಿಸ್, ಅಂದರೆ ಮೆದುಳಿನ ಸುತ್ತಲ ಪೊರೆಯ ಸೋಂಕು, ಆಯಿತು. ಹೇಗೋ ಉಳಿದುಕೊಂಡ. 19ಕ್ಕೆ ಮತ್ತೆ ಬಂತು. ಕತ್ತು ಬಗ್ಗಿಸೋಕೇ ಆಗ್ತಿರಲಿಲ್ಲ. ಕಾಲ ಮೇಲೆ ನೇರಳೆ ಚುಕ್ಕೆಗಳು, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದಂಥವು. ಮೊದಲ ಸಲ ಎಲ್ಲರೂ ಗ್ರಹಚಾರ ಅಂದಿದ್ದರು, ನಾವೂ ನಂಬಿದ್ದೆವು. ಎರಡನೇ ಸಲ ಒಬ್ಬ ಕಿರಿಯ ಡಾಕ್ಟರ್ ಕೇಳಿದರು, "ಇವನ ಕಾಂಪ್ಲಿಮೆಂಟ್ ಯಾರಾದರೂ ನೋಡಿದ್ದಾರಾ?" ಆ ಪದವನ್ನೇ ನಾವು ಕೇಳಿರಲಿಲ್ಲ.

ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿರುವ 30ಕ್ಕೂ ಹೆಚ್ಚು ಪ್ರೋಟೀನ್‌ಗಳ ಒಂದು ಪಡೆ. ಹೆಚ್ಚಿನವು ತಯಾರಾಗುವುದು ಲಿವರ್‌ನಲ್ಲಿ. ಒಂದು ಎಚ್ಚರವಾದರೆ ಮುಂದಿನದನ್ನು ಎಬ್ಬಿಸುತ್ತದೆ, ಕೊನೆಗೆ ಸಿ5ರಿಂದ ಸಿ9ರವರೆಗಿನವು ಒಟ್ಟಾಗಿ ಬ್ಯಾಕ್ಟೀರಿಯಾದ ಪೊರೆಗೆ ತೂತು ಕೊರೆಯುತ್ತವೆ. ಈ ಐದರಲ್ಲಿ ಒಂದು ಇಲ್ಲದಿದ್ದರೂ ಆ ಕೆಲಸ ಕೆಡುತ್ತದೆ. ಬೇರೆ ಬಹುತೇಕ ರೋಗಾಣುಗಳನ್ನು ದೇಹ ಇನ್ನೊಂದು ದಾರಿಯಲ್ಲಿ ಕೊಂದುಬಿಡುತ್ತದೆ, ಆದರೆ ಮೆನಿಂಜೈಟಿಸ್ ತರುವ ಮೆನಿಂಗೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷಯದಲ್ಲಿ ಈ ತೂತು ಕೊರೆಯುವುದೇ ಮುಖ್ಯ. ಅದಕ್ಕೇ ಈ ಕೊರತೆ ಕಣ್ಣಿಗೆ ಬೀಳೋದಿಲ್ಲ. ನನ್ನ ತಮ್ಮನಿಗೆ ಬೇರೆ ಹುಡುಗರಿಗಿಂತ ಜಾಸ್ತಿ ನೆಗಡಿಯೂ ಆಗುತ್ತಿರಲಿಲ್ಲ! ಇಂಥವರಿಗೆ ಮೆನಿಂಗೋಕಾಕಸ್ ಸೋಂಕಿನ ಅಪಾಯ ಉಳಿದವರಿಗಿಂತ ಸಾವಿರ ಪಟ್ಟಿಗೂ ಹೆಚ್ಚು.

ಪರೀಕ್ಷೆಯ ಹೆಸರು ಸಿಎಚ್50, ಕಾಂಪ್ಲಿಮೆಂಟ್ ಸರಪಳಿ ಪೂರ್ತಿ ಕೆಲಸ ಮಾಡುತ್ತಿದೆಯೇ ಅಂತ ನೋಡುವ ರಕ್ತಪರೀಕ್ಷೆ. ಸೋಂಕು ಜೋರಾಗಿದ್ದಾಗ ಈ ಪ್ರೋಟೀನ್‌ಗಳು ಖರ್ಚಾಗಿ ಲೆಕ್ಕ ತಪ್ಪಬಹುದು, ಹಾಗಾಗಿ ಗುಣವಾದ ಕೆಲವು ವಾರಗಳ ನಂತರ ಮಾಡಿಸಿದೆವು. ರಕ್ತ ಹೊರಗೆ ಸುಮ್ನೆ ಇಟ್ಟರೂ ಕಾಂಪ್ಲಿಮೆಂಟ್ ಹಾಳಾಗುತ್ತದೆ. ಮೊದಲ ಸ್ಯಾಂಪಲ್ ಮಧ್ಯಾಹ್ನವಿಡೀ ಮೇಜಿನ ಮೇಲೇ ಉಳಿದಿತ್ತಂತೆ, ಆ ರಿಪೋರ್ಟ್ ನಂಬೋ ಹಾಗಿರಲಿಲ್ಲ. ಎರಡನೆಯದರಿಂದ ಸೀರಮ್ (ರಕ್ತದ ತಿಳಿ ದ್ರವ) ಬೇಗ ಬೇರ್ಪಡಿಸಿ ಐಸ್‌ನಲ್ಲಿಟ್ಟು ಕಳಿಸಿದರು. ಫಲಿತಾಂಶ ಹೆಚ್ಚುಕಮ್ಮಿ ಸೊನ್ನೆ. ಆಮೇಲೆ ಒಂದೊಂದೇ ಪ್ರೋಟೀನ್ ನೋಡಿದಾಗ ಸಿ7 ಇಲ್ಲ ಅಂತ ಗೊತ್ತಾಯಿತು.

ಎಲ್ಲಾ ಕಾಂಪ್ಲಿಮೆಂಟ್ ಕೊರತೆಯೂ ಇದೇ ಥರ ಇರುವುದಿಲ್ಲ. ಸಿ1ಕ್ಯೂ ಇಲ್ಲದವರಲ್ಲಿ ಹೆಚ್ಚಿನವರಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆ) ಬರುತ್ತದೆ. ಸಿ3 ಇಲ್ಲದಿದ್ದರೆ ಚಿಕ್ಕಂದಿನಿಂದಲೇ ನ್ಯುಮೋನಿಯಾದಂಥ ದೊಡ್ಡ ಸೋಂಕುಗಳು ಮೇಲಿಂದ ಮೇಲೆ ಕಾಡುತ್ತವೆ. ಕಾಂಪ್ಲಿಮೆಂಟ್‌ಗೆ ಕಡಿವಾಣ ಹಾಕುವ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನ್ ಕಮ್ಮಿಯಾದರೆ ಮುಖ, ಗಂಟಲು ಊದಿಕೊಳ್ಳುತ್ತವೆ. ತುರಿಕೆ ಇರಲ್ಲ, ಅಲರ್ಜಿ ಮಾತ್ರೆಗೆ ಬಗ್ಗಲ್ಲ. ಅದನ್ನು ಅಲರ್ಜಿ ಅಂದುಕೊಂಡು ಕೂತರೆ ಉಸಿರೇ ಕಟ್ಟಬಹುದು.

ಇಲ್ಲದ ಸಿ7 ತುಂಬಿಕೊಡುವ ಔಷಧಿ ಇಲ್ಲ. ಎಸಿಡಬ್ಲ್ಯೂವೈ ಮತ್ತು ಬಿ (ಈ ಅಕ್ಷರಗಳು ಬ್ಯಾಕ್ಟೀರಿಯಾದ ತಳಿಗಳ ಹೆಸರು), ಎರಡೂ ಬಗೆಯ ಮೆನಿಂಗೋಕಾಕಸ್ ಲಸಿಕೆ ಹಾಕಿಸಿದ್ದೇವೆ, ಆಗಾಗ ಬೂಸ್ಟರ್ ಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕೊರತೆ ಆಗುವುದು, ಅಂದರೆ ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹಾಗಾಗಿ ನಾನೂ ರಕ್ತ ಕೊಟ್ಟೆ. ನನ್ನದು ಸರಿಯಿದೆ. ಅದನ್ನು ಕೇಳಿದಾಗ ಖುಷಿಗಿಂತ ಜಾಸ್ತಿ ಅಳು ಬಂತು.

ಮೊದಲ ಸಲವೇ ಈ ಪರೀಕ್ಷೆ ಮಾಡಿಸಿದ್ದರೆ ಎರಡನೆಯದು ತಪ್ಪುತ್ತಿತ್ತೇನೋ, ಅಲ್ವಾ? ಈಗ ಅವನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ: "ಸಿ7 ಕೊರತೆ. ಜ್ವರ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ." ಮಡಿಚಿದ ಕಡೆ ಹರಿಯುತ್ತಿತ್ತು, ಮೊನ್ನೆ ಹೊಸದಾಗಿ ಬರೆದು ಕೊಟ್ಟೆ.