ನಾನೇನ್ ದಡ್ಡನಾ ಇಲ್ಲಿ ನಿಂತ್ಕೊಳ್ಳೋಕೆ?

ರೈಲ್ವೆ ಗೇಟ್ ಹಾಕಿದ್ಮೇಲೆ ಮೊದ್ಲು ಬಂದು ನಿಲ್ಲೋನು ಯಾವಾಗ್ಲೂ ಸಂಭಾವಿತ. ಎಡಗಡೆ ಗಾಡಿ ನಿಲ್ಲಿಸ್ತಾನೆ, ಆಫ್ ಮಾಡ್ತಾನೆ, ಫೋನ್ ತೆಗೀತಾನೆ. ಎರಡನೆಯವ್ನು ಅವನ ಹಿಂದೆ, ಮೂರನೆಯವ್ನು ಇವನ ಹಿಂದೆ. ಹಿಂಗೇ ಏಳೆಂಟು ಗಾಡಿ ಆಗೋವರ್ಗೂ ನಮ್ ದೇಶ ಜಪಾನೇ. ಆಮೇಲೆ ಒಬ್ಬ ಬರ್ತಾನೆ, ಬಲಗಡೆ ಅರ್ಧ ರೋಡ್ ಖಾಲಿ ಬಿದ್ದಿರೋದು ನೋಡ್ತಾನೆ, ಯಾರಿಗೂ ಹೊಳೀದೇ ಇರೋದು ತನಗೆ ಹೊಳೀತು ಅನ್ನೋ ಥರ ಸರ್ರಂತ ಬಂದು ಬೂಮ್‌ಗೆ, ಅಂದ್ರೆ ಗೇಟಿನ ಅಡ್ಡಗಂಬಕ್ಕೆ, ಮೂತಿ ತಾಗ್ಸಿ ನಿಲ್ಲಿಸ್ತಾನೆ. ಅಲ್ಲಿಗೆ ಮುಗೀತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಆಮೇಲೆ ಮುಂಚಿಂದ ಎಡಗಡೆ ಸುಮ್ನೆ ನಿಂತಿದ್ರಲ್ಲ ಅವ್ರೂ ಗಾಡಿ ಸ್ಟಾರ್ಟ್ ಮಾಡಿ ಬಲಕ್ಕೆ ತಿರುಗಿಸ್ತಾರೆ. ಹಳಿ ಆಚೆ ಕಡೆನೂ ಇದೇ ಕಥೆ, ಅದೇ ಟೈಮಲ್ಲಿ.

ನಾನು ರೈಲ್ವೇಲಿ ಗೇಟ್‌ಮ್ಯಾನು, ಮುಂಚೆ ಟ್ರ್ಯಾಕ್‌ಮ್ಯಾನ್ ಆಗಿದ್ದೆ, ಗೇಟಿಗೆ ಬಂದು 9 ವರ್ಷ ಆಯ್ತು. ತುಮಕೂರು ಅರಸೀಕೆರೆ ಮಧ್ಯೆ ಒಂದು ಗೇಟು, ಡಬಲ್ ಲೈನು, ಮೇಲೆ 25 ಸಾವಿರ ವೋಲ್ಟಿನ ಕರೆಂಟು. ಗುಮಟಿ, ಅಂದ್ರೆ ಗೇಟ್ ಪಕ್ಕದ ನಮ್ ಪುಟ್ಟ ರೂಮು, ಅದರ ಕಿಟಕಿಯಿಂದ ದಿನಾ ನೋಡೋದು ಇದನ್ನೇ. ನಮ್ಮನೇಲಿ ಅಪ್ಪ ಹೇಳ್ತಿದ್ರು ಓದಿದ್ರೆ ಬುದ್ಧಿ ಬರುತ್ತೆ ಅಂತ, ಗೇಟ್ ಹತ್ರ ಬಂದ್ಮೇಲೆ ಆ ನಂಬಿಕೆನೂ ಹೋಯ್ತು, ಮೇಷ್ಟ್ರು ಡಾಕ್ಟ್ರು ಹಾಲು ಹಾಕೋನು ಎಲ್ರೂ ಒಂದೇ ರೀತಿ ನುಗ್ತಾರೆ. ಕಾರಿನವ್ನು ಸ್ವಲ್ಪ ಇಂಗ್ಲಿಷಲ್ಲಿ ಬೈತಾನೆ, ಅಷ್ಟೇ ವ್ಯತ್ಯಾಸ.

ಎಲ್ರದ್ದೂ ಒಂದೇ ಪ್ರಶ್ನೆ, ಟ್ರೈನ್ ಎಲ್ಲಪ್ಪಾ ಇದೆ, ಇನ್ನೂ ಕಾಣ್ತಾನೇ ಇಲ್ಲ, ಆಗ್ಲೇ ಹಾಕ್ಕೊಂಡ್ ಕೂತಿದೀಯಾ ಅಂತ. ಕಾಣೋವಾಗ ಹಾಕಿದ್ರೆ ಆಗಲ್ಲ ಸ್ವಾಮಿ. ಗಂಟೆಗೆ 110 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 30 ಮೀಟರ್ ಲೆಕ್ಕ, ಡ್ರೈವರ್ರು ಬ್ರೇಕ್ ಹಾಕಿದ್ರೂ ಗಾಡಿ ನಿಲ್ಲೋಕೆ ಹತ್ತತ್ರ ಒಂದ್ ಕಿಲೋಮೀಟರ್ ಬೇಕು. ಅದಕ್ಕೇ ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಟ್ರೈನ್ ಬರ್ತಿದೆ ಅಂತ ಹೇಳ್ತಾರೆ, ಮಾತು ಖಾತ್ರಿಗೆ ಪ್ರೈವೇಟ್ ನಂಬರ್ ಅಂತ ಒಂದು ಗುಟ್ಟಿನ ನಂಬರ್ ಕೊಟ್ಟು ತಗೊಂಡು ಆಗುತ್ತೆ, ನಾನು ಗೇಟ್ ಹಾಕಿ ಲಾಕ್ ಮಾಡಿದ್ರೆ ಮಾತ್ರ ಗೇಟ್ ಸಿಗ್ನಲ್ ಬೀಳುತ್ತೆ, ಅಂದ್ರೆ ಟ್ರೈನಿಗೆ ದಾರಿ ಸಿಗುತ್ತೆ. ಹಳದಿ ತಟ್ಟೆ ಮೇಲೆ ಕಪ್ಪಗೆ ಜಿ ಅಂತ ಬರ್ದಿರೋ ಕಂಬ ನೋಡಿರ್ತೀರಿ, ಅದೇ. ಒಂದ್ಸಲ ಸಿಗ್ನಲ್ ಕೊಟ್ಟಾದ್ಮೇಲೆ ಹಂಗೆಲ್ಲ ಗೇಟ್ ತೆಗೆಯೋಕೂ ಆಗಲ್ಲ. ಗೇಟ್ ಬೀಳ್ಲಿಲ್ಲ ಅಂದ್ರೆ ಸಿಗ್ನಲ್ ಕೆಂಪೇ ಇರುತ್ತೆ, ಗಾಡಿ ನಿಲ್ಲುತ್ತೆ. ಇದು ಜನಕ್ಕೆ ಗೊತ್ತಿಲ್ಲ, ಅವ್ರಿಗೆ ಗೇಟು ಟ್ರೈನಿಂದ ತಮ್ಮನ್ನ ಉಳಿಸೋಕಿದೆ ಅಂತ್ಲೂ ಅನ್ಸಲ್ಲ, ಗೇಟ್‌ಮ್ಯಾನ್ ದೊಡ್ಡಸ್ತಿಕೆ ತೋರ್ಸೋಕಿದೆ ಅಂತ ಅನ್ಸುತ್ತೆ.

ಈಗ ಟ್ರೈನ್ ಹೋಯ್ತು, ಗೇಟ್ ಎತ್ತಿದೆ ಅಂದ್ಕೊಳ್ಳಿ. ಈ ಕಡೆ ರೋಡ್ ತುಂಬ ಗಾಡಿ, ಆ ಕಡೆ ರೋಡ್ ತುಂಬ ಗಾಡಿ, ಮಧ್ಯೆ ಹಳಿ. ಎರಡು ಸೈನ್ಯ ಎದುರುಬದುರು ನಿಂತಂಗೆ. ಎಲ್ರೂ ಒಟ್ಗೇ ನುಗ್ತಾರೆ, ಹಳಿ ಮೇಲೆ ಬಂದು ಢಿಕ್ಕಿ ಹೊಡ್ಯೋ ಹಂಗೆ ನಿಲ್ತಾರೆ, ಹಿಂದೆ ಹೋಗೋಣ ಅಂದ್ರೆ ಹಿಂದೆ ಬಾಲ. ಎಡಗಡೆ ಸಾಲಲ್ಲೇ ಇದ್ದಿದ್ರೆ ಎರಡು ನಿಮಿಷಕ್ಕೆ ಖಾಲಿ ಆಗ್ತಿದ್ದ ರೋಡು ಹದಿನೈದು ನಿಮಿಷ ಆದ್ರೂ ಬಿಡಿಸ್ಕೊಳ್ಳಲ್ಲ. ಬಲಗಡೆ ಬಂದಿದ್ದವ್ನಿಗೆ ಏನು ಸಿಗ್ತು? ಏನೂ ಇಲ್ಲ, ಎಲ್ಲರಿಗಿಂತ ಮೊದ್ಲು ಸಿಕ್ಕಾಕ್ಕೊಂಡ.

ಕಳ್ಳನ್ನ ಅರ್ಥ ಮಾಡ್ಕೋಬಹುದು, ನಿಮ್ ಜೇಬಿಂದ ಹೋಗಿದ್ದು ಅವನ ಜೇಬಿಗೆ ಹೋಗುತ್ತೆ, ದುಡ್ಡಾದ್ರೂ ಎಲ್ಲೋ ಒಂದ್ ಕಡೆ ಇರುತ್ತೆ. ಇಲ್ಲಿ ಎಲ್ರ ಟೈಮೂ ಹೋಗುತ್ತೆ, ಯಾರಿಗೂ ಸಿಗಲ್ಲ.

ನಾನೂ ಒಂದ್ಸಲ ಮಾಡಿದೀನಿ, ಹೇಳ್ಬಿಡ್ತೀನಿ. ಮದುವೆ ಸೀಸನ್ನು, ಬೆಳಿಗ್ಗೆ ಒಂಬತ್ತರ ಹೊತ್ತು. ಹುಬ್ಬಳ್ಳಿ ಕಡೆಯಿಂದ ಒಂದು ಟ್ರೈನ್ ಹೋಯ್ತು, ಬೆಂಗಳೂರು ಕಡೆಯಿಂದ ಇನ್ನೊಂದು ಎಕ್ಸ್‌ಪ್ರೆಸ್ ಬರೋದಿದೆ, ಮಾಸ್ಟರ್ ಆಗ್ಲೇ ನಂಬರ್ ಕೊಟ್ಟಿದ್ರು, ನಾನಿನ್ನೂ ಸಿಗ್ನಲ್ ಕೊಟ್ಟಿರ್ಲಿಲ್ಲ. ಗೇಟ್ ಮುಂದೆ ಒಂದು ದಿಬ್ಬಣದ ಬಸ್ಸು. ಹೆಣ್ಣಿನ ಕಡೆಯವ್ರು ಇಳ್ದು ಬಂದ್ರು, ಮುಹೂರ್ತ ಮೀರುತ್ತೆ ಅಣ್ಣ ಅಂತ ಒಬ್ರು ಕೈ ಮುಗಿದ್ರು, ಗೇಟೇನ್ ನಿಮ್ಮಪ್ಪಂದಾ ಅಂತ ಇನ್ನೊಬ್ರು. ಸುತ್ತ ಇಪ್ಪತ್ತು ಜನ. ಎರಡು ನಿಮಿಷ ತಾನೇ, ಬಸ್ ಒಂದು ದಾಟ್ಲಿ, ಇವ್ರ ಹತ್ರ ಬೈಸ್ಕೊಂಡು ನಿಲ್ಲೋಕೆ ನಾನೇನ್ ದಡ್ಡನಾ ಅಂತ ಎತ್ತಿದೆ.

ಬಸ್ಸು ಹಳಿ ದಾಟಿ ಎದುರಿಂದ ಬಂದ ತೆಂಗಿನಕಾಯಿ ಲೋಡಿನ ಲಾರಿಗೆ ಮೂತಿ ಕೊಟ್ಟು ನಿಂತ್ಕೊಳ್ತು. ಸಂದಿಲಿ ಬೈಕುಗಳು, ಬೈಕುಗಳ ಸಂದಿಲಿ ಸೈಕಲ್ಲು. ನಾನು ಕೆಂಪು ಬಾವುಟ ಹಿಡ್ಕೊಂಡು ಓಡಾಡ್ತಿದೀನಿ, ಗಂಟಲು ಹರ್ಕೊಂಡು ಕೂಗ್ತಿದೀನಿ, ಒಬ್ನೂ ಕೇಳ್ತಿಲ್ಲ. ಎಕ್ಸ್‌ಪ್ರೆಸ್ ಸಿಗ್ನಲ್ ಹತ್ರ ನಿಂತು ಸೀಟಿ ಹೊಡೀತು. ನಿಯಮ ಏನಂದ್ರೆ ಹಗಲಲ್ಲಿ ಒಂದ್ ನಿಮಿಷ, ರಾತ್ರಿ ಎರಡು ನಿಮಿಷ ಕಾದು, ಆಮೇಲೂ ಸಿಗ್ನಲ್ ಬೀಳ್ದಿದ್ರೆ ಡ್ರೈವರ್ರು ನಿಧಾನಕ್ಕೆ ಗೇಟ್ ತನಕ ಬರ್ಬಹುದು. ಬಂದ್ರು. ಇಂಜಿನ್ನು ಹೆಡ್‌ಲೈಟ್ ಹಾಕ್ಕೊಂಡು ಗೇಟಿಂದ ನಾಲ್ಕು ಮಾರು ದೂರದಲ್ಲಿ, ಕ್ಯೂನಲ್ಲಿ ಇನ್ನೊಂದು ಲಾರಿ ನಿಂತಂಗೆ ನಿಂತ್ಕೊಳ್ತು. ಆಗ್ಲೂ ಒಬ್ಬ ಸ್ಕೂಟರ್‌ನವ್ನು ಅದರ ಮುಂದೆ ಹಾದು ಹೋದ, ಹೋಗೋವಾಗ ಡ್ರೈವರ್ ಕಡೆ ಕೈ ಬೇರೆ ತೋರ್ಸಿದ, ಸ್ವಲ್ಪ ತಡಿ ಅಂತ.

ಹದಿನಾಲ್ಕು ನಿಮಿಷ. ಆಮೇಲೆ ರಾತ್ರಿ ಕೂತು ಲೆಕ್ಕ ಹಾಕಿದೆ, 20 ಬೋಗಿ, ಸುಮಾರು 1300 ಜನ ಅಂತ ಇಟ್ಕೊಂಡ್ರೂ 300 ಗಂಟೆ ಮೇಲಾಯ್ತು. ಒಬ್ಬ ಮನುಷ್ಯನ ಹಗಲು ರಾತ್ರಿ ಸೇರಿ 12 ದಿನದಷ್ಟು ಹೊತ್ತು. ರೋಡಲ್ಲಿ ನಿಂತಿದ್ದವ್ರದ್ದು ಬೇರೆ, ಹಿಂದೆ ಬರ್ತಿದ್ದ ಗೂಡ್ಸು ಬೇರೆ, 5 ಸಾವಿರ ಟನ್ ಎಳೀತಿರೋದನ್ನ ಏರಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸೋದು ಅಂದ್ರೆ ಸುಮ್ನೆ ಅಲ್ಲ. ನನಗೆ ಮೆಮೋ ಬಂತು, ಎಕ್ಸ್‌ಪ್ಲನೇಷನ್ ಬರ್ಕೊಟ್ಟೆ. ಮುಹೂರ್ತ ಏನಾಯ್ತೋ ಗೊತ್ತಿಲ್ಲ, ಆದ್ರೆ ಗೇಟ್ ಹಾಕೇ ಇದ್ದಿದ್ರೆ ಆ ಬಸ್ಸು ಇನ್ನೂ ಬೇಗ ಹೋಗಿರೋದು.

ಅವತ್ತಿಂದ ನನಗೆ ಒಂದು ವಿಷ್ಯ ಕಾಡ್ತಾ ಇದೆ. ಮೊದ್ಲು ಬಲಗಡೆ ನುಗ್ಗೋನು ಒಬ್ಬನೇ, ಅವನಿಂದ ಅಂಥ ನಷ್ಟ ಏನಿಲ್ಲ, ಒಂದು ಬೈಕನ್ನ ಹೆಂಗೋ ಸರಿಸ್ಬಹುದು. ರೋಡ್ ಕಟ್ಟಾಕೋದು ಅವನ ಹಿಂದೆ ಹೋಗೋ ನಲವತ್ತು ಜನ. ಅವ್ರಲ್ಲಿ ಒಬ್ಬೊಬ್ರನ್ನೂ ನಿಲ್ಲಿಸಿ ಕೇಳಿದೀನಿ, ಯಾಕ್ ಸಾರ್ ಹಿಂಗ್ ಬಂದ್ರಿ ಅಂತ. ಉತ್ತರ ಒಂದೇ: ಅವ್ನು ಹೋದ, ನಾನೇನ್ ದಡ್ಡನಾ ಇಲ್ಲಿ ನಿಂತ್ಕೊಳ್ಳೋಕೆ? ದಡ್ಡ ಅನ್ನಿಸ್ಕೋಬಾರ್ದು ಅನ್ನೋ ಹೆದರಿಕೆಗೇ ಇಷ್ಟೂ ಜನ ದಡ್ಡತನ ಮಾಡೋದು. ಸಾಲಲ್ಲಿ ನಿಂತಿರೋನಿಗೆ ತಾನು ಮೋಸ ಹೋಗ್ತಿದೀನಿ ಅನ್ಸುತ್ತೆ, ಆ ಉರಿ ಇದ್ಯಲ್ಲ, ಅದು ಮುಹೂರ್ತಕ್ಕಿಂತ ಜೋರು.

ನಮ್ಮೂರ ಹೈಸ್ಕೂಲ್ ಮೇಷ್ಟ್ರೊಬ್ರು ದಿನಾ ಇದೇ ಗೇಟಲ್ಲಿ ಹೋಗೋರು, ವರ್ಷಗಟ್ಲೆ ಎಡಗಡೆನೇ ನಿಂತಿದ್ದೋರು, ಒಂದಿನ ಅವ್ರೂ ಬಲಗಡೆ ಬಂದ್ರು. ನಾನು ನೋಡ್ದೆ, ಅವ್ರು ಮುಖ ತಿರುಗಿಸ್ಕೊಂಡ್ರು.

ಬೂಮ್ ಮುರಿಯೋರ ಕಥೆ ಇನ್ನೊಂದು ರೀತಿ. ಇಳೀತಿರೋ ಬೂಮ್ ಕೆಳಗೆ ನುಗ್ಗಿ ಒಂದು ಲಗೇಜ್ ಆಟೋ ಅದನ್ನ ಮುರ್ಕೊಂಡೇ ಹೋಯ್ತು, ಮುಂದೆ ಅರ್ಧ ಕಿಲೋಮೀಟರಲ್ಲಿ ಟೀ ಕುಡೀತಾ ಸಿಕ್ಕಿದ, ಅರ್ಜೆಂಟ್ ಇದ್ದೋನು. ರೈಲ್ವೆ ಕಾಯ್ದೆ 160ನೇ ಸೆಕ್ಷನ್ ಪ್ರಕಾರ ಗೇಟ್ ಮುರಿದ್ರೆ 5 ವರ್ಷದ ತನಕ ಜೈಲು, ಆರ್‌ಪಿಎಫ್‌ನವ್ರು, ಅಂದ್ರೆ ರೈಲ್ವೆ ಪೊಲೀಸ್ನೋರು, ಅದನ್ನ ಹೇಳಿದಾಗ ಪಾಪ ಅಳೋಕೇ ಶುರು ಮಾಡ್ದ. ರಾಗಿ ಹುಲ್ಲಿನ ಲೋಡಿನವ್ರದ್ದಂತೂ ಕೇಳ್ಬೇಡಿ, ಎತ್ತರದ ಲೋಡ್ ತಡೆಯೋಕೆ ರೋಡಿಗೆ ಅಡ್ಡ ಹಾಕಿರೋ ಹೈಟ್ ಗೇಜ್ ಕಬ್ಬಿಣ ತಾಗ್ತಿದ್ದಂಗೆ ಮೇಲೆ ಕೂತಿರೋ ಹುಡುಗ ಕೋಲಲ್ಲಿ ಹುಲ್ಲು ಅದುಮಿ ಪಾರು ಮಾಡೋಕೆ ನೋಡ್ತಾನೆ, ಮುಂದೆ ತಂತಿ ಇದೆ ಅನ್ನೋ ಯೋಚ್ನೆನೇ ಇಲ್ಲ.

2018ರ ಏಪ್ರಿಲಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಗೇಟ್‌ಮ್ಯಾನ್ ಇಲ್ಲದ ಕ್ರಾಸಿಂಗಲ್ಲಿ ಸ್ಕೂಲ್ ವ್ಯಾನಿಗೆ ಟ್ರೈನ್ ಬಡಿದು 13 ಮಕ್ಕಳು ಹೋದ್ವು. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜಲ್ಲಿ ಅಂಥ ಕ್ರಾಸಿಂಗ್ ಒಂದೂ ಇಲ್ದಂಗೆ ಮಾಡಿದ್ರು, ಆಗ ನಾವು ಗುಮಟಿಲಿ ಮಾತಾಡ್ಕೊಂಡ್ವಿ, ಸದ್ಯ ಇನ್ಮೇಲೆ ಇಂಥದ್ದು ಇಲ್ಲ ಅಂತ. 2025ರ ಜುಲೈ 8ಕ್ಕೆ ತಮಿಳುನಾಡಿನ ಕಡಲೂರು ಹತ್ರ ಗೇಟ್‌ಮ್ಯಾನ್ ಇದ್ದ ಕಡೆನೇ ಆಯ್ತು, ಇಂಟರ್‌ಲಾಕ್ ಇಲ್ಲದ, ಅಂದ್ರೆ ಸಿಗ್ನಲ್ ಜೊತೆ ಸೇರ್ಸಿರದ ಗೇಟು, ಸ್ಕೂಲ್ ವ್ಯಾನು, ಮೂರು ಮಕ್ಕಳು. ಆ ಸುದ್ದಿ ಓದಿದ್ ದಿನ ನನಗೆ ಊಟ ಸೇರ್ಲಿಲ್ಲ, ಆ ದಿಬ್ಬಣದ ಬಸ್ಸೇ ಕಣ್ಮುಂದೆ ಬರ್ತಿತ್ತು. ನನ್ ಗೇಟಿಗೆ ಸಿಗ್ನಲ್ ಕೆಂಪಾಗಿ ನಿಂತು ಕಾಪಾಡ್ತು, ಇಲ್ದಿದ್ರೆ?

ಇಷ್ಟೆಲ್ಲ ಬರೀತಿರೋ ನಾನು ರಜೆಲಿ ಹೆಂಡ್ತಿ ಜೊತೆ ಬೈಕಲ್ಲಿ ಹೋಗೋವಾಗ ಬೇರೆ ಗೇಟಲ್ಲಿ ಸಿಕ್ಕಾಕ್ಕೊಂಡೆ. ಪಕ್ಕದಲ್ಲಿ ಸರಸರ ಅಂತ ಹೋಗ್ತಿದಾರೆ. ಐದು ನಿಮಿಷ ತಡ್ಕೊಂಡೆ, ಆಮೇಲೆ ನನ್ ಕೈ ತಾನಾಗೇ ಆಕ್ಸಿಲರೇಟರ್ ತಿರುಗಿಸ್ತು. ಅವಳು ಹಿಂದಿಂದ ಬೆನ್ನಿಗೆ ಗುದ್ದಿ, ಏನ್ರೀ, ದಿನಾ ಮನೆಗ್ ಬಂದು ಯಾರನ್ನ ಬೈಯೋದು ನೀವು ಅಂದ್ಳು.

ಕೊನೆಗೆ ನಮ್ ಗೇಟಲ್ಲಿ ಕೆಲಸ ಮಾಡಿದ್ದು ಕಲ್ಲು. ಹಳಿ ಉಸ್ತುವಾರಿ ನೋಡೋ ನಮ್ ಪಿಡಬ್ಲ್ಯೂಐ ಸಾಹೇಬ್ರನ್ನ ಕೇಳಿ, ಎರಡೂ ಕಡೆ ರೋಡ್ ನಡುವೆ ಸಾಲಾಗಿ ಕಲ್ಲಿಟ್ಟು ಸುಣ್ಣ ಹೊಡ್ದೆ, ಒಟ್ಟು 22. ಬಾವುಟಕ್ಕೆ ಹೆದರದೇ ಇದ್ದೋರು, ಸೆಕ್ಷನ್ನಿಗೆ ಹೆದರದೇ ಇದ್ದೋರು, ಮೊಣಕಾಲೆತ್ತರದ ಬಿಳಿ ಕಲ್ಲು ನೋಡಿ ಎಡಗಡೆ ನಿಲ್ಲೋಕೆ ಶುರು ಮಾಡಿದ್ರು. ಬಲಗಡೆ ಹೋದವ್ನಿಗೆ ವಾಪಸ್ ಒಳಗೆ ಬರೋಕೆ ಜಾಗ ಇರಲ್ಲ, ಅವನೊಬ್ಬನೇ ಎದ್ದು ಕಾಣ್ತಾನೆ, ಅವನ ಹಿಂದೆ ಯಾರೂ ಹೋಗಲ್ಲ. ಮೇಷ್ಟ್ರು ಮತ್ತೆ ಎಡಗಡೆ ಬಂದ್ರು, ನಮಸ್ಕಾರನೂ ವಾಪಸ್ ಬಂತು. ಈಗ ಗೇಟ್ ಎತ್ತಿದ್ರೆ ಮೂರು ನಿಮಿಷಕ್ಕೆ ರೋಡ್ ಖಾಲಿ.

ಹೋದ ವಾರ ಎಣಿಸಿದಾಗ 19 ಇತ್ತು. ಮೂರನ್ನ ಟೀ ಅಂಗಡಿಯವ್ನು ಟಾರ್ಪಾಲ್ ಹಾರದ ಹಂಗೆ ಇಟ್ಕೊಂಡಿದಾನೆ. ಕೇಳಿದ್ರೆ, ಪಕ್ಕದ ಗ್ಯಾರೇಜ್‌ನವ್ನು ಒಂದು ತಗೊಂಡ ಸಾರ್, ನಾನ್ಯಾಕ್ ಬಿಡ್ಲಿ ಅಂದ್ಕೊಂಡೆ ಅಂತಾನೆ. ಗ್ಯಾರೇಜ್‌ನವ್ನ ಹತ್ರ ಕಲ್ಲೇ ಇಲ್ಲ, ಹೋಗಿ ನೋಡ್ಕೊಂಡು ಬಂದೆ. ಆ ಸಂದಿಲಿ ಇವತ್ತು ಬೆಳಿಗ್ಗೆ ನಾಲ್ಕು ಬೈಕ್ ನುಗ್ಗಿದ್ವು. ನಾಳೆ ಡ್ಯೂಟಿಗೆ ಹೋಗೋವಾಗ ಮನೆಯಿಂದ ಸುಣ್ಣ ತಗೊಂಡ್ ಹೋಗ್ಬೇಕು.